ಆರು ತಿಂಗಳಾದ ಮೇಲೆ ಅತ್ತೆಗೆ ಏನಂತ ಹೇಳಲಿ?

ಟಿ.ಬಿ. ಗುಳಿಗೆಯನ್ನು ಎಲ್ಲರ ಎದುರಿಗೇ ನುಂಗಿ, ಎಚ್‌ಐವಿ ಗುಳಿಗೆಯನ್ನು ಸದ್ದಿಲ್ಲದೆ ಬಿಡುವವರು ಆಪ್ತಸಲಹೆ (ಕೌನ್ಸೆಲಿಂಗ್) ಮಾಡುವ ನಮಗೆ ಮತ್ತೆ ಮತ್ತೆ ಸಿಗುತ್ತಾರೆ. ಗಂಡಸರೂ ಇದ್ದಾರೆ, ಹೆಂಗಸರೂ ಇದ್ದಾರೆ. ಓದಿದವರೇನೂ ಕಮ್ಮಿ ಇಲ್ಲ. ಯಾಕೆ ಬಿಟ್ಟಿರಿ ಅಂತ ಕೇಳಿದರೆ ತಲೆ ತಿರುಗುತ್ತೆ, ಹೊಟ್ಟೆ ತೊಳಸುತ್ತೆ, ಉಷ್ಣ ಆಗುತ್ತೆ ಅಂತಾರೆ. ಅವೂ ಇರುತ್ತವೆ, ಸುಳ್ಳಲ್ಲ. ಆದರೆ ಬಿಡಿಸಿದ್ದು ಅವಲ್ಲ. ನಿಜವಾದ ಕಾರಣವನ್ನು ಒಂದೇ ಮಾತಲ್ಲಿ ಹೇಳಿದ ಒಬ್ಬ ಹೆಣ್ಣುಮಗಳ ಪ್ರಕರಣ ಇದು. ಅವಳಿಗೆ ನಾನು ಕೊಟ್ಟ ಸಲಹೆಯನ್ನು ನನ್ನ ಜೊತೆ ಕೆಲಸ ಮಾಡುವವರೇ ಎಲ್ಲರೂ ಒಪ್ಪಿಲ್ಲ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಅವಳನ್ನು ಶಾಂತಾ ಅಂತ ಕರೆಯೋಣ.

ಕೃಷ್ಣಾ ನದಿ ಕಡೆಯ ಊರು. ಮೂವತ್ತರ ಆಸುಪಾಸು. ಗಂಡ ಗೋವಾದಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದಾನೆ, ಹಬ್ಬ ಹುಣ್ಣಿಮೆಗೆ ಬಂದು ಹೋಗುತ್ತಾನೆ. ಮನೆಯಲ್ಲಿ ಅತ್ತೆ ಮತ್ತು ಶಾಲೆಗೆ ಹೋಗುವ ಒಬ್ಬ ಮಗ. ಕುತ್ತಿಗೆಯಲ್ಲಿ ಗಂಟು, ಸಂಜೆಯಾದರೆ ಜ್ವರ ಅಂತ ಬಂದಿದ್ದಳು. ಗಂಟಿಗೆ ಸೂಜಿ ಹಾಕಿ ತೆಗೆದದ್ದನ್ನು ಸಿಬಿನ್ಯಾಟ್ ಮಷೀನಿಗೆ ಕೊಟ್ಟಾಗ ಟಿ.ಬಿ. ಅಂತ ಗೊತ್ತಾಯಿತು. ಟಿ.ಬಿ. ಬಂದವರಿಗೆಲ್ಲ ಒಪ್ಪಿಗೆ ಕೇಳಿ ಎಚ್‌ಐವಿ ಪರೀಕ್ಷೆ ಮಾಡುವುದು ನಮ್ಮ ಪದ್ಧತಿ. ಅದೂ ಪಾಸಿಟಿವ್ ಬಂತು. ರೋಗನಿರೋಧಕ ಶಕ್ತಿ ಎಷ್ಟಿದೆ ಅಂತ ತೋರಿಸುವ ಸಿಡಿ4 ಕಣಗಳ ಎಣಿಕೆ ನೂರಕ್ಕಿಂತ ಕೆಳಗಿತ್ತು, ಅಂದರೆ ತೀರಾ ಕಮ್ಮಿ. ಮೊದಲು ಟಿ.ಬಿ. ಔಷಧಿ, ಅದಾಗಿ ಎರಡು ವಾರದೊಳಗೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧಿ, ಅಂದರೆ ಎಆರ್‌ಟಿ, ಶುರು ಮಾಡಿದರು.

ಇಲ್ಲಿ ಓದುಗರು ಒಂದು ವಿಷಯ ತಿಳಿದಿರಬೇಕು. ಈ ಎರಡು ಕಾಯಿಲೆ ಆಕಸ್ಮಿಕವಾಗಿ ಜೊತೆಗೆ ಸೇರಿದವಲ್ಲ. ಟಿ.ಬಿ. ರೋಗಾಣು ಮೈಯಲ್ಲಿ ಅಡಗಿದ್ದರೂ ಹೆಚ್ಚಿನವರಿಗೆ ಕಾಯಿಲೆ ಆಗುವುದೇ ಇಲ್ಲ. ಇಡೀ ಆಯುಷ್ಯದಲ್ಲಿ ನೂರಕ್ಕೆ ಐದರಿಂದ ಹತ್ತು ಜನರಿಗೆ ಮಾತ್ರ ಅದು ಏಳುತ್ತೆ. ಎಚ್‌ಐವಿ ಇದ್ದೂ ಔಷಧಿ ತಗೊಳ್ಳದವರಲ್ಲಿ ಆ ಅಪಾಯ ಒಂದೊಂದು ವರ್ಷಕ್ಕೇ ನೂರಕ್ಕೆ ಸುಮಾರು ಹತ್ತು. ಎಚ್‌ಐವಿ ಇರುವವರ ಜೀವ ತೆಗೆಯುವುದರಲ್ಲಿ ಜಗತ್ತಿನಾದ್ಯಂತ ಟಿ.ಬಿ.ಯದೇ ಮೊದಲ ಸ್ಥಾನ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2023ರಲ್ಲಿ ಟಿ.ಬಿ.ಯಿಂದ ಸತ್ತವರು ಸುಮಾರು 12.5 ಲಕ್ಷ, ಅದರಲ್ಲಿ 1.61 ಲಕ್ಷ ಜನರಿಗೆ ಎಚ್‌ಐವಿಯೂ ಇತ್ತು. ಒಂದಕ್ಕೆ ಔಷಧಿ ತಗೊಂಡು ಇನ್ನೊಂದನ್ನು ಬಿಡ್ತೀನಿ ಅಂತ ಯಾರಾದರೂ ಅಂದರೆ ನನಗೆ ಸುಮ್ನೆ ಕೂರೋಕೆ ಆಗದಿರುವುದು ಇದಕ್ಕೇ.

ಎಆರ್‌ಟಿ ಶುರುವಾಗಿ ಮೂರನೇ ವಾರ ಶಾಂತಾ ಮತ್ತೆ ಬಂದಳು. ಅತ್ತೆಯೇ ಕರೆದುಕೊಂಡು ಬಂದಿದ್ದರು, ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಗಂಟು ಮೊದಲಿಗಿಂತ ದಪ್ಪ ಆಗಿತ್ತು, ಕೆಂಪಗೆ ಹೊಳೆಯುತ್ತಿತ್ತು. ಜ್ವರ ಬೇರೆ. "ಹಳೇ ಗುಳಗಿ ತಗೋತೀನ್ರಿ ಅಕ್ಕಾರ. ಹೊಸಾವು ನನ್ನ ಮೈಗೆ ಆಗಂಗಿಲ್ಲ" ಅಂದಳು.

ಡಾಕ್ಟರು ಪರೀಕ್ಷೆ ಮಾಡಿದರು. ಔಷಧಿಗೆ ಬಗ್ಗದ ಟಿ.ಬಿ. ಅಲ್ಲ, ಬೇರೆ ಸೋಂಕೂ ಅಲ್ಲ ಅಂತ ಖಾತ್ರಿ ಮಾಡಿಕೊಂಡು, ಕೀವು ತೆಗೆದು, ಎರಡೂ ಔಷಧಿ ಮುಂದುವರಿಸಿ ಅಂದರು. ಇದಕ್ಕೆ ಐರಿಸ್ ಅಂತಾರೆ. ಎಚ್‌ಐವಿಯಿಂದ ಸೋತು ಮಲಗಿದ್ದ ರೋಗನಿರೋಧಕ ಶಕ್ತಿ ಔಷಧಿ ಬಿದ್ದ ಕೂಡಲೇ ಏಳುತ್ತೆ, ಎದ್ದು ಟಿ.ಬಿ. ರೋಗಾಣು ಇರುವ ಜಾಗಕ್ಕೆ ನುಗ್ಗುತ್ತೆ. ಅದರಿಂದಲೇ ಊತ, ಅದರಿಂದಲೇ ಜ್ವರ. ಸಿಡಿ4 ತೀರಾ ಕೆಳಗಿದ್ದವರಲ್ಲಿ ಇದು ಜಾಸ್ತಿ. ಶಾಂತಾಗೆ ನಾನು ಅವಳ ಮಾತಲ್ಲೇ ಹೇಳಿದೆ: ಗೋವಿನಜೋಳದ ಹೊಲ ಕಾಯುವವನು ನಿದ್ದೆ ಹೋಗಿದ್ದ, ಹಂದಿ ಆಗಲೇ ನುಗ್ಗಿದ್ದವು. ಈಗ ಅವನಿಗೆ ಎಚ್ಚರ ಆಗಿದೆ, ಹೊಲದಲ್ಲಿ ಗದ್ದಲ ಎದ್ದಿದೆ. ಗದ್ದಲ ಆಯ್ತು ಅಂತ ಕಾಯುವವನನ್ನೇ ಮನೆಗೆ ಕಳಿಸ್ತೀಯಾ?

ನಕ್ಕಳು. ತಲೆ ಆಡಿಸಿದಳು. ಅರ್ಥ ಆಯ್ತು ಅಂತಲೂ ಅಂದಳು. ಸಾಮಾನ್ಯವಾಗಿ ಇಲ್ಲಿಗೆ ಕೌನ್ಸೆಲಿಂಗ್ ಮುಗಿಯುತ್ತೆ. ರಿಜಿಸ್ಟರಿನಲ್ಲಿ "ಔಷಧಿಯ ಬಗ್ಗೆ ತಿಳಿಹೇಳಲಾಗಿದೆ" ಅಂತ ಬರೆದು ಮುಂದಿನವರನ್ನು ಕರೆಯುತ್ತೇವೆ.

ಗುಳಿಗೆ ಎಣಿಸುವುದು ಬಾಕಿ ಇತ್ತು. ಟಿ.ಬಿ. ಗುಳಿಗೆಯ ಪಟ್ಟಿ (ಸ್ಟ್ರಿಪ್) ಸರಿಯಾಗಿ ಖಾಲಿ ಆಗಿತ್ತು. ಎಆರ್‌ಟಿ ಡಬ್ಬಿ ಹಳೇ ಕುಬಸದ ತುಂಡಿನಲ್ಲಿ ಸುತ್ತಿತ್ತು. ಮುಚ್ಚಳ ತೆಗೆದರೆ ಒಳಗೆ ಹತ್ತಿ. ಕಂಪನಿಯವರು ಇಟ್ಟದ್ದಲ್ಲ. ಹಾಸಿಗೆಯಿಂದ ಕಿತ್ತಂಥ ಮಣ್ಣುಬಣ್ಣದ ಹತ್ತಿ, ಬಾಯಿತನಕ ತುರುಕಿತ್ತು. ಇದ್ಯಾಕೆ ಅಂತ ಕೇಳಿದೆ.

"ಸಪ್ಪಳ ಆಗತೈತ್ರಿ."

ಎಆರ್‌ಟಿ ಬರುವುದು ಪ್ಲಾಸ್ಟಿಕ್ ಡಬ್ಬಿಯಲ್ಲಿ, ತಿಂಗಳಿಗೆ ಮೂವತ್ತು ಗುಳಿಗೆ. ಅಲುಗಾಡಿದರೆ ಗಲಗಲ ಅನ್ನುತ್ತೆ. ಆ ಸದ್ದು ನಮ್ಮ ಕಡೆ ಎಷ್ಟೋ ಮನೆಗಳಿಗೆ ಗುರುತಾಗಿದೆ. ಟಿ.ಬಿ. ಪಟ್ಟಿ ಸದ್ದು ಮಾಡುವುದಿಲ್ಲ. ಮಾಡಿದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಟಿ.ಬಿ. ಅಂದರೆ ಆಶಾ ಕಾರ್ಯಕರ್ತೆ ಮನೆಗೇ ಬರುತ್ತಾರೆ. ಪೌಷ್ಟಿಕ ಆಹಾರಕ್ಕೆ ಅಂತ ನಿಕ್ಷಯ್ ಪೋಷಣ್ ಯೋಜನೆಯ ದುಡ್ಡು ಖಾತೆಗೆ ಬೀಳುತ್ತೆ, 2024ರ ನವೆಂಬರಿನಿಂದ ತಿಂಗಳಿಗೆ ಸಾವಿರ ರೂಪಾಯಿ. ಶಾಂತಾಳ ಅತ್ತೆ ಆ ದುಡ್ಡಲ್ಲಿ ತತ್ತಿ, ಶೇಂಗಾ ತಂದು ಸೊಸೆಗೆ ತಿನ್ನಿಸುತ್ತಿದ್ದರು. ಒಳ್ಳೆಯ ಹೆಂಗಸು. ಅದೇ ಹೆಂಗಸು ಪಕ್ಕದ ಓಣಿಯಲ್ಲಿ "ಆ ಕಾಯಿಲೆ" ಬಂದವಳ ಮನೆಯ ನೀರು ಕುಡಿಯುವುದಿಲ್ಲವಂತೆ.

ಅಂದಮೇಲೆ ಐರಿಸ್ ವಿಷಯ ಇಲ್ಲಿಗೆ ಸಾಕು ಅನ್ನಿಸಿತು. ಗುಳಿಗೆ ನುಂಗಲು ಅಡ್ಡಿ ಏನು ಅಂತ ಮತ್ತೆ ಕೇಳಿದೆ, ಈ ಸಲ ಡಬ್ಬಿ ಅವಳ ಕೈಗೇ ಕೊಟ್ಟು. ಬಹಳ ಹೊತ್ತು ಹತ್ತಿ ಒಳಗೆ ಒತ್ತುತ್ತಾ ಕೂತಳು. ಆಮೇಲೆ ಅಂದಳು:

"ಟಿ.ಬಿ.ದ್ ಆರ್ ತಿಂಗಳಿಗಿ ಮುಗೀತೈತಿ ಅಂತ ಅತ್ತಿಗೂ ಗೊತ್ತೈತಿ, ಓಣ್ಯಾಗೂ ಗೊತ್ತೈತಿ. ಆಮ್ಯಾಲೂ ನಾ ಗುಳಗಿ ನುಂಗೂದು ನೋಡಿದ್ರ ಏನಂತ ಹೇಳ್ಲಿ? ಅವತ್ತ ಹೆಂಗೂ ಬಿಡೂದೈತಿ, ಈಗ ಬಿಟ್ರ ಏನಾತ್ರಿ?"

ಆರು ತಿಂಗಳ ತನಕ ಅವಳಿಗೆ ಒಂದು ಮರೆ ಇತ್ತು. ಅದರ ಕೊನೆಯ ದಿನ ಅವಳಿಗೆ ಈಗಲೇ ಕಾಣುತ್ತಿತ್ತು. ನಾವು ದಿನಾ "ಜೀವನಪೂರ್ತಿ ತಗೋಬೇಕು" ಅಂತ ಹೇಳುತ್ತೇವೆ. ಜೀವನಪೂರ್ತಿ ಅನ್ನುವುದು ಆ ಅಡುಗೆಮನೆಯಲ್ಲಿ, ಅತ್ತೆಯ ಕಣ್ಣೆದುರು, ಏಳನೇ ತಿಂಗಳ ಮೊದಲ ದಿನದಿಂದ ಶುರುವಾಗಬೇಕು. ಆ ದಿನಕ್ಕೆ ನಮ್ಮ ಚಾರ್ಟಿನಲ್ಲಿ ಒಂದು ಸಾಲೂ ಇಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಅತ್ತೆಗೆ ಸುಳ್ಳು ಹೇಳಬೇಡ, ಎಲ್ಲ ಹೇಳಲೂಬೇಡ. ಕೇಳಿದಾಗ "ಗಂಟು ತಿರುಗಿ ಬರಬಾರದು ಅಂತ ಈ ಗುಳಿಗೆ ಕೊಟ್ಟಿದ್ದಾರೆ, ಬಿಡಬಾರದಂತೆ" ಅಂತ ಹೇಳು. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಎಆರ್‌ಟಿ ತಗೊಳ್ಳುವವರಲ್ಲಿ ಟಿ.ಬಿ. ಬರುವ ಸಂಭವ ಮೂರರಲ್ಲಿ ಎರಡು ಪಾಲಿನಷ್ಟು ಇಳಿಯುತ್ತೆ ಅಂತ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದವರು ತೋರಿಸಿದ್ದಾರೆ. ಇದನ್ನು ಏಳನೇ ತಿಂಗಳಿಗೆ ಕಾಯದೆ ಇವತ್ತೇ, ಹೊರಗೆ ಬೆಂಚಿನ ಮೇಲೆ ಕೂತಿರುವ ಅತ್ತೆಗೆ ಹೇಳು. ಆಗ ಗುಳಿಗೆ ಮುಚ್ಚಿಡುವ ವಸ್ತು ಆಗಿ ಉಳಿಯುವುದಿಲ್ಲ, ಅತ್ತೆಯೇ ನೆನಪು ಮಾಡುವ ವಸ್ತು ಆಗುತ್ತೆ. ಆದರೆ ಗಂಡನಿಗೆ ಮಾತ್ರ ಈ ಅರ್ಧ ಮಾತು ಸಾಲದು. ಅವನಿಗೆ ಪೂರ್ತಿ ಗೊತ್ತಾಗಬೇಕು, ಅವನ ಪರೀಕ್ಷೆಯೂ ಆಗಬೇಕು. ಬೇಕಾದರೆ ಇಲ್ಲೇ, ನನ್ನ ಎದುರಿಗೇ ಹೇಳು.

ಅವತ್ತೇ ಅತ್ತೆಯನ್ನು ಒಳಗೆ ಕರೆದಳು. ನಾನು ಬಾಯಿ ತೆರೆಯಲಿಲ್ಲ, ಅವಳೇ ಹೇಳಿದಳು. ಅತ್ತೆ ಡಬ್ಬಿ ನೋಡಿ ಕೇಳಿದ್ದು ಒಂದೇ, ಊಟಕ್ಕಿಂತ ಮೊದಲೋ ಆಮೇಲೋ ಅಂತ.

ಈ ಸಲಹೆಗೆ ಆಕ್ಷೇಪ ಬಂತು. ತರಬೇತಿಯಲ್ಲಿ ಪ್ರಕರಣ ಹಂಚಿಕೊಂಡಾಗ ಒಬ್ಬರು ಮಂಡೇಲಾ ಮಾತು ಎತ್ತಿದರು. ನೆಲ್ಸನ್ ಮಂಡೇಲಾಗೆ ಜೈಲಿನಲ್ಲಿದ್ದಾಗ 1988ರಲ್ಲಿ ಟಿ.ಬಿ. ಆಗಿತ್ತು, ಅದನ್ನವರು ಮುಚ್ಚಿಟ್ಟವರಲ್ಲ. 2005ರ ಜನವರಿಯಲ್ಲಿ ಮಗ ಮಕ್ಗಾಥೊ ತೀರಿಕೊಂಡಾಗ, ಏಡ್ಸ್‌ನಿಂದ ಹೋದ ಅಂತ ಪತ್ರಕರ್ತರನ್ನು ಕರೆದು ಹೇಳಿದರು. ಟಿ.ಬಿ., ಕ್ಯಾನ್ಸರ್ ಥರ ಇದೂ ಒಂದು ಸಾಮಾನ್ಯ ಕಾಯಿಲೆ ಆಗಬೇಕಾದರೆ ಬಾಯಿಬಿಟ್ಟು ಹೇಳಲೇಬೇಕು ಅನ್ನುವುದು ಮಂಡೇಲಾ ಅವರ ವಾದ. ಹೀಗಿರುವಾಗ ನೀವು ಟಿ.ಬಿ.ಯ ಹಿಂದೆ ಎಚ್‌ಐವಿ ಬಚ್ಚಿಡೋದು ಕಲಿಸ್ತೀರಲ್ಲ, ಕಳಂಕ ಹೋಗೋದು ಯಾವಾಗ ಅಂತ ಆಕ್ಷೇಪ ಎತ್ತಿದವರ ಪ್ರಶ್ನೆ.

ಮಂಡೇಲಾ ಹೇಳಿದ್ದು ಸರಿ. ಹೇಳಿದ್ದು ಮಂಡೇಲಾ ಅನ್ನುವುದನ್ನೂ ನೆನಪಿಡಬೇಕು ಅಲ್ವಾ? ದೇಶದ ಅಧ್ಯಕ್ಷರಾಗಿದ್ದವರನ್ನು ಯಾರೂ ಮನೆಯಿಂದ ಹೊರಗೆ ಹಾಕುವುದಿಲ್ಲ. ಕಳಂಕ ಹೋಗಲಾಡಿಸುವ ಕೆಲಸ ಸರ್ಕಾರದ್ದು, ಊರಿನ ದೊಡ್ಡವರದ್ದು, ನಮ್ಮಂಥ ಸಂಬಳ ತಗೊಳ್ಳುವವರದ್ದು. ಅದನ್ನು ತೂಕ ಇಳಿದು, ಜ್ವರ ಹಿಡಿದು, ಗಂಡನ ಮನೆಯಲ್ಲಿ ಕೂತಿರುವವಳ ತಲೆಗೆ ಕಟ್ಟೋದು ನನಗೆ ಸರಿ ಕಾಣಲ್ಲ. ಅವಳ ಪಾಲಿನ ಕೆಲಸ ಗುಳಿಗೆ ನುಂಗುವುದು.

ಇನ್ನೊಬ್ಬರ ಆಕ್ಷೇಪ ಇದಕ್ಕೆ ತಿರುಗಾಮುರುಗ. ಅತ್ತೆಗೆ ತಿಳಿಯುವ ಹಕ್ಕಿಲ್ಲವಾ, ಒಂದೇ ಮನೆಯಲ್ಲಿ ಇರ್ತಾರಲ್ಲ ಅಂದರು. ಇಲ್ಲ, ಆ ಹಕ್ಕಿಲ್ಲ. ತಟ್ಟೆ, ಲೋಟ, ಬಚ್ಚಲು, ಅಪ್ಪಿಕೊಳ್ಳೋದು, ಇವುಗಳಿಂದ ಎಚ್‌ಐವಿ ಹರಡುವುದಿಲ್ಲ. ಗಂಟಿನ ಟಿ.ಬಿ. ಗಾಳಿಯಲ್ಲಿ ಹರಡುವುದಿಲ್ಲ, ಶಾಂತಾಳ ಎದೆಯ ಎಕ್ಸ್‌ರೇ ಕೂಡ ಸ್ವಚ್ಛ ಇತ್ತು. ಅತ್ತೆಗೆ ಅಪಾಯ ಏನಿದೆ? ಗಂಡನ ಮಾತು ಬೇರೆ, ಅವನಿಗೆ ಅಪಾಯ ಇದೆ. 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯೂ ಈ ವ್ಯತ್ಯಾಸ ಮಾಡುತ್ತೆ. ಒಪ್ಪಿಗೆ ಇಲ್ಲದೆ ಯಾರ ವಿಷಯವನ್ನೂ ಹೊರಗೆ ಹಾಕುವಂತಿಲ್ಲ. ಸಂಗಾತಿಗೆ ಅಪಾಯ ಇದ್ದು, ತಿಳಿಹೇಳಿದರೂ ಹೇಳಿಕೊಳ್ಳದಿದ್ದರೆ, ಮುಂಚೆ ಎಚ್ಚರಿಸಿ ವೈದ್ಯರೋ ಆಪ್ತಸಲಹೆಗಾರರೋ ಸಂಗಾತಿಗೆ ಹೇಳಬಹುದು. ಆದರೆ ಹೇಳಿದರೆ ಹೊಡೆತ ಬೀಳುತ್ತೆ, ಮನೆ ಬಿಡಿಸುತ್ತಾರೆ ಅನ್ನುವ ಭಯಕ್ಕೆ ಆಧಾರ ಇದ್ದರೆ, ಅದರಲ್ಲೂ ಹೆಂಗಸರ ವಿಷಯದಲ್ಲಿ, ನಾವು ಹೇಳುವಂತಿಲ್ಲ. ಗಂಡನಿಗೆ ಫೋನ್ ಮಾಡಿ ಕರೆಸಿಬಿಡಿ ಅಂತ ಗಡಿಬಿಡಿ ಮಾಡುವವರು ಈ ಕೊನೆಯ ಭಾಗ ಓದಿಕೊಳ್ಳಬೇಕು. ಹೊಡೀತಾನಾ ಅಂತ ನಾನು ಶಾಂತಾಳನ್ನು ನೇರವಾಗಿ ಕೇಳಿದ್ದೆ. "ಹೊಡಿಯಂವ ಅಲ್ರಿ, ಅಳತಾನ" ಅಂದಿದ್ದಳು.

ಕಾರಹುಣ್ಣಿಮೆಗೆ ಬಂದವನನ್ನು ಅವಳೇ ಕರೆದುಕೊಂಡು ಬಂದಳು. ಅತ್ತಿದ್ದು ನಿಜ. ಅವನಿಗೂ ಪಾಸಿಟಿವ್. ಟಿ.ಬಿ. ಲಕ್ಷಣ ಇರಲಿಲ್ಲ, ಹಾಗಾಗಿ ಎಆರ್‌ಟಿ ಜೊತೆ ಟಿ.ಬಿ. ಬರದಂತೆ ತಡೆಯುವ ಔಷಧಿಯನ್ನೂ ಕೊಟ್ಟರು. ಗೋವಾದಲ್ಲೇ ಮುಂದುವರಿಸುವಂತೆ ವರ್ಗಾವಣೆ ಚೀಟಿ ಮಾಡಿಸಿಕೊಂಡು ಹೋದ. ಮಗನ ಪರೀಕ್ಷೆ ನೆಗೆಟಿವ್.

ಅವಳ ಗಂಟು ಕರಗಲು ಮೂರು ತಿಂಗಳ ಮೇಲೇ ಹಿಡಿಯಿತು. ಆರು ತಿಂಗಳಿಗೆ ಟಿ.ಬಿ. ಕೋರ್ಸ್ ಮುಗಿಯಿತು. ಇಲ್ಲಿ ಇನ್ನೊಂದು ಗೊಂದಲ ಆಗುವುದುಂಟು, ಅದನ್ನೂ ಹೇಳಿಬಿಡುತ್ತೇನೆ. ಟಿ.ಬಿ.ಯ ರಿಫಾಂಪಿಸಿನ್ ಅನ್ನುವ ಔಷಧಿ ಮೈಯಲ್ಲಿರುವಾಗ ಎಆರ್‌ಟಿಯಲ್ಲಿರುವ ಡೊಲುಟೆಗ್ರಾವಿರ್ ಅನ್ನುವ ಔಷಧಿ ಬೇಗ ಕರಗಿಹೋಗುತ್ತೆ. ಅದಕ್ಕೇ ಹನ್ನೆರಡು ಗಂಟೆ ಬಿಟ್ಟು ಅದರದ್ದೇ ಇನ್ನೊಂದು 50 ಮಿಲಿಗ್ರಾಂ ಗುಳಿಗೆ ಕೊಟ್ಟಿರುತ್ತಾರೆ. ಟಿ.ಬಿ. ಔಷಧಿ ನಿಂತ ಮೇಲೂ ಎರಡು ವಾರ ಆ ಹೆಚ್ಚುವರಿ ಗುಳಿಗೆ ಇರಬೇಕು, ಆಮೇಲೆ ಅದೊಂದು ನಿಲ್ಲುತ್ತೆ. ಎಆರ್‌ಟಿಯ ದಿನದ ದೊಡ್ಡ ಗುಳಿಗೆ ನಿಲ್ಲುವುದಿಲ್ಲ. ಎಷ್ಟೋ ಜನ ಡಾಕ್ಟರು "ಒಂದು ನಿಲ್ಲಿಸಿ" ಅಂದದ್ದನ್ನು ಎಲ್ಲ ನಿಲ್ಲಿಸಿ ಅಂತ ಕೇಳಿಸಿಕೊಂಡು ಹೋಗುತ್ತಾರೆ. ಶಾಂತಾಗೆ ಎರಡೂ ಗುಳಿಗೆ ಅಂಗೈ ಮೇಲಿಟ್ಟು ತೋರಿಸಿದೆ. ಅವಳಿಗಿಂತ ಮೊದಲು ಅತ್ತೆಯೇ ದೊಡ್ಡದರ ಮೇಲೆ ಬೆರಳಿಟ್ಟು "ಇದು ಬಿಡಂಗಿಲ್ಲ, ಹೌದಿಲ್ರಿ?" ಅಂದರು.