ಬಾಟಲಿಗಿಂತ ಮುಂಚೆ ಸಂಬಳದ ಮಾತು

ತಮ್ಮಾ, ಯೇಸುಸ್ವಾಮಿಯ ನಾಮದಲ್ಲಿ ವಂದನೆಗಳು.

ನಿನ್ನಂಥ ಹುಡುಗರು ಇನ್ನೂ ಎಷ್ಟೋ ಜನ ಇದ್ದಾರೆ. ಅವರೂ ಓದಲಿ ಅಂತ ನಿನ್ನ ಪ್ರಶ್ನೆಯನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ನೀನು ಭಾಲ್ಕಿ ತಾಲೂಕಿನವನು, ನಿಮ್ಮೂರಿನ ಮೆಥೊಡಿಸ್ಟ್ ಸಭೆಯಲ್ಲಿ ಬೆಳೆದವನು. ಬೀದರಿನಲ್ಲಿ ಉಜ್ಜೀವನ ಕೂಟ ನಡೆದಾಗ ಎದ್ದು ನಿಂತು ಪಾಪ ಅರಿಕೆ ಮಾಡಿದೆ. ಕುಡಿತ ಬಿಟ್ಟೆ. ಆಮೇಲೆ ದುಬೈಗೆ ಬಂದೆ. ಈಗ ಸೋನಾಪುರದ ಕಾರ್ಮಿಕರ ಕ್ಯಾಂಪಿನಲ್ಲಿದ್ದೀಯ. ರೂಮಿನಲ್ಲಿ ಒಬ್ಬ ಪಾಕಿಸ್ತಾನದವನನ್ನು ಬಿಟ್ಟರೆ ಎಲ್ಲರೂ ಕುಡಿಯುತ್ತಾರೆ, ನೀನೂ ಮತ್ತೆ ಶುರು ಮಾಡಿದ್ದೀಯ. "ದೇವರಿಗೆ ಮಾತು ಕೊಟ್ಟು ಮುರಿದೆ. ಚರ್ಚಿಗೆ ಹೋಗಲು ಮುಖವಿಲ್ಲ. ಭಾನುವಾರ ಡ್ಯೂಟಿ ಬೇರೆ ಇರುತ್ತದೆ. ಇಲ್ಲಿ ಕ್ರೈಸ್ತನಾಗಿ ಬದುಕುವುದು ಹೇಗೆ ಅಣ್ಣಾ?" ಅಂತ ಕೇಳಿದ್ದೀಯ. ನಡುವೆ ಎಲ್ಲೋ ಒಂದು ಸಾಲು ಸೇರಿಸಿದ್ದೀಯ: ಓವರ್‌ಟೈಮ್ ದುಡ್ಡಿನ ವಿಷಯ ಹೆಂಡತಿಗೆ ಹೇಳಿಲ್ಲ, ಬೇಸಿಕ್ ಸಂಬಳ ಮಾತ್ರ ಹೇಳಿದ್ದೇನೆ ಅಂತ.

ಆ ಸಾಲನ್ನು ನಾನು ಎರಡು ಸಲ ಓದಿದೆ. ನೀನು ಬಾಟಲಿಯ ಬಗ್ಗೆ ಕೇಳಿದ್ದೀಯ, ನಾನು ಸಂಬಳದ ಬಗ್ಗೆ ಮಾತಾಡುತ್ತೇನೆ. ಬೇಜಾರು ಮಾಡಿಕೊಳ್ಳಬೇಡ.

ಊರಿನಲ್ಲಿ ನಮ್ಮನ್ನು ನೋಡುವವರು ಎಷ್ಟು ಜನ ಇದ್ದರು! ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿ ಅಂಗಡಿ ಮುಂದೆ ನಿಂತರೆ ಸಂಜೆಯೊಳಗೆ ಅವ್ವನಿಗೆ ಸುದ್ದಿ ಮುಟ್ಟುತ್ತಿತ್ತು. ಎರಡು ಭಾನುವಾರ ಆರಾಧನೆಗೆ ತಪ್ಪಿಸಿದರೆ ಪಾಸ್ಟರ್ ಅಯ್ಯನವರು ಮನೆಗೇ ಬರುತ್ತಿದ್ದರು. ಇಲ್ಲಿ ಯಾರೂ ಕೇಳುವುದಿಲ್ಲ. ಹೊರದೇಶಕ್ಕೆ ಬಂದವರು ಕೆಟ್ಟು ಹೋಗುತ್ತಾರೆ ಅಂತ ಊರಿನಲ್ಲಿ ಹೇಳುತ್ತಾರಲ್ಲ, ನಾನು ಇಲ್ಲಿ ಇಷ್ಟು ವರ್ಷದಿಂದ ನೋಡಿದ್ದು ಬೇರೆ. ಈ ದೇಶ ಯಾರನ್ನೂ ಕೆಡಿಸುವುದಿಲ್ಲ. ಮನೆಗೆ ಗೊತ್ತಿಲ್ಲದ ದುಡ್ಡು ಕೈಯಲ್ಲಿ ಉಳಿಯುತ್ತದೆ, ಅದಕ್ಕೆ ಲೆಕ್ಕ ಕೇಳುವವರಿಲ್ಲ, ಕೆಡುವುದು ಅಲ್ಲಿಂದ ಶುರುವಾಗುತ್ತದೆ. ನಿನ್ನ ಬಾಟಲಿ ಯಾವ ದುಡ್ಡಿನಲ್ಲಿ ಬರುತ್ತಿದೆ, ನೀನೇ ಯೋಚಿಸಿ ನೋಡು. ಮನೆಗೆ ಕಳಿಸುವ ದುಡ್ಡಿನಲ್ಲಿ ಬರುತ್ತಿಲ್ಲ ಅಲ್ವಾ?

ಲೂಕನ ಸುವಾರ್ತೆ 3ನೇ ಅಧ್ಯಾಯ ತೆಗೆದು ಓದು. ಸ್ನಾನಿಕನಾದ ಯೋಹಾನನ ಹತ್ತಿರ ಜನ ಬರುತ್ತಾರೆ. ಬರೀ ದೀಕ್ಷಾಸ್ನಾನ ಮಾಡಿಸಿಕೊಂಡರೆ ಸಾಲದು, ಮನಸ್ಸು ತಿರುಗಿದ್ದಕ್ಕೆ ತಕ್ಕ ಫಲ ತೋರಿಸಿ ಅನ್ನುತ್ತಾನೆ ಅವನು. ಹಾಗಾದರೆ ನಾವೇನು ಮಾಡಬೇಕು ಅಂತ ಅವರು ಕೇಳುತ್ತಾರೆ. ಆಗ ಅವನು ಕೊಡುವ ಉತ್ತರ ನೋಡು. ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದು ಕೊಡಲಿ. ಸುಂಕದವರಿಗೆ, ಗೊತ್ತುಮಾಡಿದ್ದಕ್ಕಿಂತ ಜಾಸ್ತಿ ವಸೂಲಿ ಮಾಡಬೇಡಿ ಅನ್ನುತ್ತಾನೆ. ಸಿಪಾಯಿಗಳಿಗೆ, ಯಾರನ್ನೂ ಹೆದರಿಸಿ ದುಡ್ಡು ಕಿತ್ತುಕೊಳ್ಳಬೇಡಿ, ನಿಮ್ಮ ಸಂಬಳ ಸಾಕೆಂದುಕೊಳ್ಳಿ ಅನ್ನುತ್ತಾನೆ. ಮೂರೂ ಉತ್ತರದಲ್ಲಿ ಬರುವುದು ಬಟ್ಟೆ, ದುಡ್ಡು, ಸಂಬಳ. ಅವರವರ ಕೆಲಸ ನೋಡಿ, ಅವರವರ ಕೈ ಎಲ್ಲಿ ಜಾರುತ್ತದೋ ಅಲ್ಲೇ ಬೆರಳಿಟ್ಟು ಹೇಳಿದ. ನೀನು ಆ ಸಾಲಿನಲ್ಲಿ ನಿಂತಿದ್ದರೆ ನಿನಗೆ ಓವರ್‌ಟೈಮ್ ದುಡ್ಡಿನ ಬಗ್ಗೆಯೇ ಹೇಳುತ್ತಿದ್ದ ಅಂತ ನನ್ನ ನಂಬಿಕೆ. ಒಬ್ಬರ ಬದಲು ಇನ್ನೊಬ್ಬರು ಹಾಜರಿ ಪಂಚಿಂಗ್ ಮಾಡುವ ಅಭ್ಯಾಸ ನಿಮ್ಮ ಸೈಟಿನಲ್ಲಿ ಇದ್ದರೆ ಅದರ ಬಗ್ಗೆಯೂ ಹೇಳುತ್ತಿದ್ದ.

ಹಾಗಂತ ಕೂಟದ ರಾತ್ರಿ ನೀನು ಹಾಕಿದ ಕಣ್ಣೀರು ಸುಳ್ಳು ಅಂತ ತಿಳಿಯಬೇಡ. ಅದು ನಿಜ. ಕರ್ತನು ಅದನ್ನು ನೋಡಿದ್ದಾನೆ. ಹೆಂಡತಿಗೆ ಸತ್ಯ ಹೇಳಿದರೆ ಪಾಪದ ಬೆಲೆ ತೀರುತ್ತದೆ ಅಂತಲೂ ನಾನು ಹೇಳುತ್ತಿಲ್ಲ. ಆ ಬೆಲೆ ಶಿಲುಬೆಯ ಮೇಲೆ ತೀರಿದೆ, ನೀನು ಒಂದು ದಿರಹಮ್ ಕೂಡ ಸೇರಿಸಬೇಕಾಗಿಲ್ಲ. ಆದರೆ ಕ್ಷಮೆ ಸಿಕ್ಕವನು ಮುಂದೆ ನಡೆಯಬೇಕಲ್ಲ, ಆ ನಡಿಗೆ ಎಲ್ಲಿಂದ ಶುರು ಅಂತ ನೀನು ಕೇಳಿದ್ದೀಯ. ಅದಕ್ಕೆ ಹೇಳುತ್ತಿದ್ದೇನೆ.

ನಾವು ಬೀದರ್ ಕಡೆಯವರು ಮೆಥೊಡಿಸ್ಟರು ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಹೆಸರಿನ ಹಿಂದೆ ಏನಿದೆ ಅಂತ ನಮ್ಮ ಹುಡುಗರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ, ಅದು ನನಗೆ ನೋವು. ಮೆಥೊಡಿಸ್ಟ್ ಪಂಥವನ್ನು ಶುರು ಮಾಡಿದ ಜಾನ್ ವೆಸ್ಲಿ 1743ರಲ್ಲಿ ತನ್ನ ಸಂಘಗಳಿಗೆ ಕೆಲವು ನಿಯಮ ಬರೆದರು. ಸೇರಲು ಒಂದೇ ಷರತ್ತು: ಬರಲಿರುವ ದೇವರ ಕೋಪದಿಂದ ತಪ್ಪಿಸಿಕೊಳ್ಳಬೇಕು, ಪಾಪದಿಂದ ಬಿಡುಗಡೆ ಆಗಬೇಕು ಅನ್ನುವ ಆಸೆ ಇದ್ದರೆ ಸಾಕು. ಆದರೆ ಆ ಆಸೆ ನಿಜವಾಗಿದ್ದರೆ ನಡತೆಯಲ್ಲಿ ಕಾಣಲೇಬೇಕು ಅಂದರು. ಯೋಹಾನನ ಮಾತೇ ಅಲ್ವಾ? ಏನು ಬಿಡಬೇಕು ಅಂತ ಪಟ್ಟಿಯನ್ನೂ ಕೊಟ್ಟರು. ಅದರಲ್ಲಿ ಕುಡಿತ ಇದೆ. ಜೊತೆಗೆ, ತೀರಿಸುವ ದಾರಿ ಕಾಣದೆ ಸಾಲ ಮಾಡುವುದು ಇದೆ. ಸುಂಕ ಕಟ್ಟದ ಮಾಲು ಕೊಳ್ಳುವುದು, ಮಾರುವುದು ಇದೆ. ಇಂಗ್ಲೆಂಡಿನ ಬಡವರಿಗೆ ಬರೆದ ಪಟ್ಟಿ ಅದು, ಆದರೆ ಗಲ್ಫಿಗೆ ಬಂದವರಿಗಾಗಿಯೇ ಬರೆದಂತಿದೆ. ನಾಳೆ ನೀನು ರಜೆಗೆ ಹೈದರಾಬಾದ್ ವಿಮಾನ ಹತ್ತುವಾಗ ಯಾರಾದರೂ ಬಂದು, ಈ ಚಿನ್ನ ತೆಗೆದುಕೊಂಡು ಹೋಗು, ಟಿಕೆಟ್ ದುಡ್ಡು ನಾವು ಕೊಡುತ್ತೇವೆ ಅನ್ನುತ್ತಾರೆ. ಬೇಡ ಅನ್ನು. ಕ್ರೆಡಿಟ್ ಕಾರ್ಡ್ ಕೊಡುತ್ತೇವೆ ಅಂತ ಫೋನ್ ಬರುತ್ತದೆ. ಅದಕ್ಕೂ ಸದ್ಯಕ್ಕೆ ಬೇಡ ಅನ್ನು.

ವೆಸ್ಲಿಯ ಇನ್ನೊಂದು ಸಂಗತಿ ಹೇಳಲೇಬೇಕು. 1742ರಲ್ಲಿ ಬ್ರಿಸ್ಟಲ್ ಊರಿನ ಪ್ರಾರ್ಥನಾ ಮನೆಯ ಮೇಲೆ ಸಾಲ ಇತ್ತು. ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಅಂತ ಗೊತ್ತುಮಾಡಿದರು. ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ಗುಂಪಿಗೆ ಒಬ್ಬ ನಾಯಕನನ್ನು ಇಟ್ಟರು. ಅವನು ವಾರವಾರ ಮನೆಮನೆಗೆ ಹೋಗುತ್ತಿದ್ದ. ಹೋದಾಗ ದುಡ್ಡಿನ ಜೊತೆ ಮನೆಯ ಸ್ಥಿತಿಯೂ ಕಣ್ಣಿಗೆ ಬಿತ್ತು. ಕೆಲವರ ನಡತೆ ಸರಿಯಿಲ್ಲ ಅಂತ ಗೊತ್ತಾಯಿತು. ಆಗ ಆ ಗುಂಪು ಆತ್ಮದ ಯೋಗಕ್ಷೇಮ ಕೇಳುವ ಗುಂಪಾಯಿತು. ಕ್ಲಾಸ್ ಮೀಟಿಂಗ್ ಅನ್ನುವುದು ಬೆಳೆದದ್ದು ಹೀಗೆ. ನಿನಗೆ ಈಗ ಬೇಕಾಗಿರುವುದು ಅದೇ. ದೊಡ್ಡ ಸ್ಟೇಜು, ದೊಡ್ಡ ಮೈಕು ಬೇಡ. "ಈ ವಾರ ಕುಡಿದೆಯಾ? ಮನೆಗೆ ಎಷ್ಟು ಕಳಿಸಿದೆ?" ಅಂತ ಮುಖ ನೋಡಿ ಕೇಳುವ ಒಬ್ಬ ಮನುಷ್ಯ ಬೇಕು. ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿ ಅಂತ ಯಾಕೋಬನ ಪತ್ರಿಕೆಯಲ್ಲಿಯೂ ಇದೆ. ನಾವು ಆ ಮಾತನ್ನು ಓದಿ ಮುಂದೆ ಹೋಗಿಬಿಡುತ್ತೇವೆ. ಸದ್ಯಕ್ಕೆ ಆ ಮನುಷ್ಯ ನಾನೇ ಆಗುತ್ತೇನೆ.

ಚರ್ಚಿನ ವಿಷಯ ಸುಲಭ. ದುಬೈಯಲ್ಲಿ ಭಾನುವಾರವೇ ಆಗಬೇಕೆಂದಿಲ್ಲ. 2022ರ ಜನವರಿಯವರೆಗೆ ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ ಇತ್ತು. ಆ ಕಾಲದಿಂದ ಚರ್ಚುಗಳಲ್ಲಿ ಶುಕ್ರವಾರದ ಆರಾಧನೆ ಇದೆ, ಈಗಲೂ ನಡೆಯುತ್ತದೆ. ಊದ್ ಮೇಥಾದಲ್ಲಿ ಹೋಲಿ ಟ್ರಿನಿಟಿ ಚರ್ಚಿನ ಕಾಂಪೌಂಡ್ ಇದೆ, ಗ್ರೀನ್ ಲೈನ್ ಮೆಟ್ರೋದಲ್ಲಿ ಬರಬಹುದು. ಅಲ್ಲಿ ಎಷ್ಟೋ ಭಾಷೆಯ ಸಭೆಗಳು ಬೇರೆಬೇರೆ ಹೊತ್ತಿನಲ್ಲಿ ಕೂಡುತ್ತವೆ. ಕನ್ನಡದ ಹೊತ್ತು ನಿನ್ನ ಡ್ಯೂಟಿಗೆ ಹೊಂದದಿದ್ದರೆ ತೆಲುಗು ಆರಾಧನೆಗೆ ಕೂತುಕೋ. ಬೀದರಿನವನಿಗೆ ತೆಲುಗು ಹೊಸದೇನಲ್ಲ. ಮುಖವಿಲ್ಲ ಅಂತ ಹೊರಗೆ ನಿಲ್ಲಬೇಡ. ಪೇತ್ರನು ಕರ್ತನನ್ನೇ ಮೂರು ಸಲ ಗೊತ್ತಿಲ್ಲ ಅಂದವನು. ಕರ್ತನು ಅವನನ್ನು ಹುಡುಕಿಕೊಂಡು ಕೆರೆಯ ದಡಕ್ಕೇ ಬಂದ, ತಿನ್ನಲು ಕೊಟ್ಟ, ಆಮೇಲೆ ಕೆಲಸವನ್ನೂ ಒಪ್ಪಿಸಿದ.

ಇಲ್ಲಿನ ಕಾಯಿದೆ ತಿಳಿದಿರಲಿ. ಮುಸಲ್ಮಾನರನ್ನು ನಮ್ಮ ಧರ್ಮಕ್ಕೆ ಕರೆಯುವುದು ಅಪರಾಧ, ಕರಪತ್ರ ಹಂಚಬೇಡ. ಪರವಾನಗಿ ಇಲ್ಲದೆ ಚಂದಾ ಎತ್ತುವುದೂ ತಪ್ಪು, ಊರಿನ ಚರ್ಚಿಗೆಂದೇ ಆದರೂ ತಪ್ಪು. ಕ್ಯಾಂಪಿನ ಹತ್ತಿರ ಕದ್ದು ಮಾರುವ ಬಾಟಲಿಯಂತೂ ನಿನ್ನನ್ನು ಜೈಲಿಗೆ ಕಳಿಸಿ, ಅಲ್ಲಿಂದ ನೇರ ಊರಿಗೆ ಕಳಿಸಬಹುದು.

ನಿನ್ನ ರೂಮಿನ ಆ ಪಾಕಿಸ್ತಾನದವನು ಎಲ್ಲರ ಮುಂದೆ ಚಾಪೆ ಹಾಸಿ ನಮಾಜು ಮಾಡುತ್ತಾನೆ, ನನಗೆ ಮಂಡಿಯೂರಲು ನಾಚಿಕೆ ಅಂತ ಬರೆದಿದ್ದೀಯ. ಅವನ ಪಕ್ಕದ ಬೆಡ್ ಕೇಳಿ ತೆಗೆದುಕೋ. ಅವನು ನಿನ್ನ ಪ್ರಾರ್ಥನೆಗೆ ನಗುವುದಿಲ್ಲ. ಕುಡಿಯುವವರ ಮೂಲೆಯಿಂದ ದೂರವೂ ಆಗುತ್ತದೆ. ಪೋಟೀಫರನ ಮನೆಯಲ್ಲಿ ಅವನ ಹೆಂಡತಿ ಬಟ್ಟೆ ಹಿಡಿದು ಪಾಪಕ್ಕೆ ಎಳೆದಾಗ ಯೋಸೇಫನು ನಿಂತು ವಾದ ಮಾಡಲಿಲ್ಲ, ಬಟ್ಟೆ ಬಿಟ್ಟು ಓಡಿದ. ಮುಂದಿನ ತಿಂಗಳು ಬೇರೆ ರೂಮಿಗೆ ಕ್ಯಾಂಪ್ ಬಾಸ್ ಹತ್ತಿರ ಕೇಳು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಊಟ ಮಾಡಿ ಮಲಗು, ಏಳುವಾಗ ಒಂದು ಅಧ್ಯಾಯ ಓದು. ಬೆಳಗ್ಗೆ ನಾಲ್ಕಕ್ಕೆ ಎದ್ದು ಬಸ್ಸು ಹತ್ತುವವನಿಗೆ ಆ ಹೊತ್ತಿನಲ್ಲಿ ಓದು ಅಂತ ನಾನು ಹೇಳುವುದಿಲ್ಲ.

ಇವೆಲ್ಲ ಆಮೇಲೆ. ಇವತ್ತು ರಾತ್ರಿ ಮಾಡಬೇಕಾದದ್ದು ಒಂದೇ. ಊರಿನಲ್ಲಿ ಒಂದೂವರೆ ಗಂಟೆ ಮುಂದೆ, ಮಕ್ಕಳು ಮಲಗುವುದರೊಳಗೆ ಬೋಟಿಮ್ ಆ್ಯಪಿನಲ್ಲಿ ಹೆಂಡತಿಗೆ ಫೋನ್ ಮಾಡು. ಸಂಬಳದ ಚೀಟಿಯ ಫೋಟೋ ಮೊದಲೇ ಕಳಿಸು. ಓವರ್‌ಟೈಮ್ ಎಷ್ಟು ಬಂತು, ಎಷ್ಟು ಕುಡಿದೆ, ಎರಡನ್ನೂ ಹೇಳು. ಅವಳು ಸಿಟ್ಟಾಗುತ್ತಾಳೆ, ಅಳಬಹುದು. ಫೋನ್ ಇಡಬೇಡ, ಸಮಜಾಯಿಷಿ ಕೊಡಬೇಡ, ಕೇಳಿಸಿಕೋ. ಊರಿನ ಸ್ವಸಹಾಯ ಸಂಘದ ಸಾಲದ ಕಂತನ್ನು ಅವಳೇ ಕಟ್ಟುತ್ತಿರುವುದು. ಈ ತಿಂಗಳಿಂದ ದುಡ್ಡು ಎಲ್ಲಿಗೆ ಎಷ್ಟು ಹೋಗಬೇಕು ಅಂತ ಅವಳೇ ಹೇಳಲಿ. ಮಾತು ಮುಗಿದ ಮೇಲೆ ನನಗೆ ಒಂದು ಮೆಸೇಜ್ ಹಾಕು, ಎಷ್ಟು ಹೊತ್ತಾದರೂ ಸರಿ. ಈ ವಾರದ ಡ್ಯೂಟಿ ಚಾರ್ಟನ್ನೂ ಕಳಿಸು. ಯಾವ ದಿನ ನಿನಗೆ ಬಿಡುವೋ ಆ ದಿನ ಊದ್ ಮೇಥಾ ಸ್ಟೇಷನ್ನಿಗೆ ನಾನು ಬರುತ್ತೇನೆ.