30 ಸೆಕೆಂಡ್ ಲ್ಯಾಗ್‌ನಿಂದ ನೇರವಾಗಿ ಎತ್ತರ ತೆಗೀಬೇಡಿ

ತುಮಕೂರಿನ ಎಂ.ಎಸ್ಸಿ ತಮ್ಮ ಕೇಳಿರೋದು ಇಷ್ಟು: 1ಎಚ್ 0707-495 ಅನ್ನೋ ಗೆಲಾಕ್ಸಿಯ ಎಕ್ಸ್‌ಎಂಎಂ-ನ್ಯೂಟನ್ (ಬಾಹ್ಯಾಕಾಶದ ಎಕ್ಸ್-ರೇ ದೂರದರ್ಶಕ) ಡೇಟಾದಲ್ಲಿ ಮೃದು (ಕಡಿಮೆ ಶಕ್ತಿಯ) ಎಕ್ಸ್-ರೇ ಗಡಸು (ಹೆಚ್ಚು ಶಕ್ತಿಯ) ಎಕ್ಸ್-ರೇಗಿಂತ 30 ಸೆಕೆಂಡ್ ತಡವಾಗಿ ಬರ್ತಿದೆ (ಇದೇ ಲ್ಯಾಗ್), ಕಪ್ಪುಕುಳಿಗೆ 20 ಲಕ್ಷ ಸೂರ್ಯರ ತೂಕ ಹಿಡಿದರೆ ಕೊರೋನಾದ (ಕಪ್ಪುಕುಳಿ ಮೇಲೆ ಎಕ್ಸ್-ರೇ ಸೂಸೋ ಬಿಸಿ ಅನಿಲದ) ಎತ್ತರ ಬರೀ 1.5 ಆರ್‌ಜಿ (ಗುರುತ್ವ ತ್ರಿಜ್ಯ, ಕಪ್ಪುಕುಳಿಯ ತೂಕದ ಜೊತೆ ಹೆಚ್ಚೋ ಉದ್ದದ ಅಳತೆ) ಬರ್ತದೆ, ಸರೀನಾ?

ಗುಣಾಕಾರ ಸರಿಯಾಗೇ ಇದೆಯಪ್ಪ. 10 ಲಕ್ಷ ಸೂರ್ಯರ ತೂಕಕ್ಕೆ ಬೆಳಕು ಒಂದು ಆರ್‌ಜಿ ದಾಟೋಕೆ ಸುಮಾರು 5 ಸೆಕೆಂಡ್, 20 ಲಕ್ಷಕ್ಕೆ 10. ಕೊರೋನಾದ ಬೆಳಕು ಕೆಳಗಿನ ತಟ್ಟೆಗೆ (ಕಪ್ಪುಕುಳಿ ಸುತ್ತ ತಿರುಗೋ ಅನಿಲಕ್ಕೆ) ಬಡಿದು ವಾಪಸ್ ಬರೋ ದಾರಿ ಎತ್ತರದ ಎರಡರಷ್ಟು. ಎಡವಿರೋದು ಬೆರಕೆಯಲ್ಲಿ. ಮಧುಗಿರಿ ಏಕಶಿಲೆ ಬೆಟ್ಟದ ಎದುರು ಒಬ್ಬ ಬಿಡದೆ ಕೂಗ್ತಾನೇ ಇದ್ದರೆ ಕಿವಿಗೆ ಕೂಗೂ ಮಾರ್ದನಿಯೂ ಒಟ್ಟಿಗೇ ಬೀಳ್ತವೆ. ಇಲ್ಲೂ ಹಾಗೇ, ಮೃದು, ಗಡಸು ಎರಡೂ ಬ್ಯಾಂಡ್‌ನಲ್ಲಿ ಕೊರೋನಾದ ನೇರ ಬೆಳಕೂ ಇದೆ, ತಟ್ಟೆಯಿಂದ ಬಂದದ್ದೂ ಇದೆ. ಹಾಗಾಗಿ ಅಳತೆಗೆ ಸಿಗೋ ಲ್ಯಾಗ್ ನಿಜವಾದ ತಡಕ್ಕಿಂತ ಕಮ್ಮಿ.

ನೇರ ಬೆಳಕು 1 ಇದ್ದಾಗ ಪ್ರತಿಫಲನ ಆರ್ ಅಂತಿಟ್ಕೊಳ್ಳಿ. ಆ ಬ್ಯಾಂಡ್‌ನಲ್ಲಿ ಪ್ರತಿಫಲನದ ಪಾಲು ಆರ್ ಭಾಗಿಸು (1+ಆರ್). ಉದಾಹರಣೆಗೆ ಮೃದು ಬ್ಯಾಂಡ್ 0.3–1 ಕೆಇವಿಯಲ್ಲಿ (ಕೆಇವಿ ಎಕ್ಸ್-ರೇ ಶಕ್ತಿಯ ಅಳತೆ) ಆರ್ 0.5 ಆದರೆ ಮೂರರಲ್ಲೊಂದು (1/3), ಗಡಸು ಬ್ಯಾಂಡ್ 1–4 ಕೆಇವಿಯಲ್ಲಿ 0.2 ಆದರೆ ಆರರಲ್ಲೊಂದು (1/6). ಕಳೆದರೆ ಆರರಲ್ಲೊಂದು ಉಳೀತು, ಅಳತೆಗೆ ಸಿಗೋ ಲ್ಯಾಗ್ ನಿಜವಾದ ತಡದ ಇಷ್ಟೇ ಪಾಲು. ಅಂದರೆ ನಿಜವಾದ ತಡ 180 ಸೆಕೆಂಡ್, ಎತ್ತರ 9 ಆರ್‌ಜಿ! ಆರ್ ಅನ್ನು ಅಂದಾಜಲ್ಲಿ ಹಾಕಬೇಡಿ. ಅದೇ ಅಬ್ಸರ್ವೇಶನ್‌ನ ಸ್ಪೆಕ್ಟ್ರಮ್‌ಗೆ ಎಕ್ಸ್‌ಸ್ಪೆಕ್ ಸಾಫ್ಟ್‌ವೇರ್‌ನಲ್ಲಿ ರೆಲ್‌ಜಿಲ್ (relxill) ಅನ್ನೋ ಪ್ರತಿಫಲನದ ಮಾಡೆಲ್ ಫಿಟ್ ಮಾಡಿ ತೆಗೀರಿ.

ಅದಕ್ಕೂ ಮುಂಚೆ ಲೈಟ್‌ಕರ್ವ್ (ಹೊತ್ತಿನ ಜೊತೆ ಬೆಳಕಿನ ಏರಿಳಿತ) ನೋಡಿ. ಎರಡೂ ಬ್ಯಾಂಡ್‌ಗೆ ಶುರು ಮತ್ತು ಕೊನೆ ಸಮಯ ನೀವೇ ಕೊಡಿ, ಎರಡಕ್ಕೂ ಅದೇ. 20 ಸೆಕೆಂಡ್ ಬಿನ್‌ನಲ್ಲಿ ಒಂದು ಬಿನ್ ಜಾರಿದರೂ 20 ಸೆಕೆಂಡಿನ ಸುಳ್ಳು ಲ್ಯಾಗ್ ಹುಟ್ಟತ್ತೆ. ಪ್ರೋಟಾನ್ ಫ್ಲೇರ್ (ಡಿಟೆಕ್ಟರ್‌ಗೆ ಪ್ರೋಟಾನ್ ಬಡಿದು ಬರೋ ಸುಳ್ಳು ಸಿಗ್ನಲ್) ಇರೋ ಹೊತ್ತು ಕತ್ತರಿಸಿ, ಉಳಿದದ್ದನ್ನ 10,000 ಸೆಕೆಂಡಿನ ತುಂಡು ಮಾಡಿ, ಸ್ಟಿಂಗ್‌ರೇ ಅನ್ನೋ ಪೈಥಾನ್ ಸಾಫ್ಟ್‌ವೇರ್‌ನಲ್ಲಿ ಕ್ರಾಸ್ ಸ್ಪೆಕ್ಟ್ರಮ್ (ಪ್ರತಿ ಫ್ರೀಕ್ವೆನ್ಸಿಯಲ್ಲೂ ಎರಡು ಬ್ಯಾಂಡ್‌ನ ಹೋಲಿಕೆ, ಲ್ಯಾಗ್ ಸಿಗೋದು ಇದರಿಂದಲೇ) ಸರಾಸರಿ ತೆಗೀರಿ. ಕಡಿಮೆ ಫ್ರೀಕ್ವೆನ್ಸಿಯಲ್ಲಿ, ಅಂದರೆ ನಿಧಾನದ ಏರಿಳಿತದಲ್ಲಿ, ಗಡಸು ಬ್ಯಾಂಡೇ ತಡವಾಗಿ ಬರ್ತದೆ, ಅದು ತಟ್ಟೆಯ ಏರಿಳಿತ ಒಳಕ್ಕೆ ಸಾಗೋದರದ್ದು ಅಂತ ಲೆಕ್ಕ. ಅದನ್ನ ಮಾರ್ದನಿಗೆ ಸೇರಿಸಿ ಸರಾಸರಿ ಮಾಡಿದರೆ ಎರಡೂ ಕೆಟ್ಟವು.

ಲ್ಯಾಗ್‌ನ ಚಿಹ್ನೆ (ಯಾವ ಬ್ಯಾಂಡ್ ತಡ ಅನ್ನೋ ಪ್ಲಸ್-ಮೈನಸ್) ಬಗ್ಗೆ ಅನುಮಾನ ಬಂದರೆ ಹೀಗೆ ಮಾಡಿ: ಗಡಸು ಲೈಟ್‌ಕರ್ವ್‌ನ ನಕಲನ್ನ 60 ಸೆಕೆಂಡ್ ತಡ ಮಾಡಿ, ಅರ್ಧಕ್ಕಿಳಿಸಿ, ಮೂಲಕ್ಕೇ ಕೂಡಿಸಿ. ಅದನ್ನೇ ಮೃದು ಬ್ಯಾಂಡ್ ಅಂತ ಕೊಟ್ಟು ಓಡಿಸಿದರೆ 0.001 ಹರ್ಟ್ಸ್ ಹತ್ತಿರ ಮೃದು ಬ್ಯಾಂಡ್ 20 ಸೆಕೆಂಡ್ ತಡ ಅಂತ ಬರಬೇಕು. ಬರದಿದ್ದರೆ ಕೋಡ್‌ನಲ್ಲೇ ತಪ್ಪು.

9 ಆರ್‌ಜಿಯೂ ಕಚ್ಚಾ ಲೆಕ್ಕವೇ. ಕಪ್ಪುಕುಳಿ ಪಕ್ಕ ಹಾಯುವ ಬೆಳಕು ಇನ್ನೂ ತಡವಾಗತ್ತೆ, ತಟ್ಟೆಯ ಹೊರಸುತ್ತಿನಿಂದ ಬರೋದೂ ತಡ, ಓರೆಯಾಗಿ ನೋಡಿದರೆ ದಾರಿ ಗಿಡ್ಡ. ಇವೆಲ್ಲ ಸೇರಿಸಿಕೊಂಡು ಲೆಕ್ಕ ಹಾಕೋಕೆ ರೆಲ್‌ಟ್ರಾನ್ಸ್ (reltrans) ಅನ್ನೋ ಮಾಡೆಲ್ ಇದೆ. ಅದಕ್ಕೆ ಶುರುವಿನ ಎತ್ತರ 9 ಕೊಡಿ, 1.5 ಬೇಡ.