ಶಾರ್ವರಿ ಸಂವತ್ಸರದ ಕಾಗದ

ತುಮಕೂರು ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರ: ‘ನಮ್ಮ ಮುತ್ತಜ್ಜನ ತಾತ ಟಿಪ್ಪುವಿನ ದಂಡಿನಲ್ಲಿದ್ದರು, ಶ್ರೀರಂಗಪಟ್ಟಣದಲ್ಲಿ ಕಾದಾಡಿದರು ಅಂತ ಮನೆಯಲ್ಲಿ ಹೇಳುತ್ತಾರೆ. ಆದರೆ ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕ ಕಾಗದದಲ್ಲಿ ಅವರ ಹೆಸರಿನ ಮುಂದೆ “ಕಂದಾಚಾರದ ಆಳು” ಅಂತಿದೆ. ಶಾರ್ವರಿ ಸಂವತ್ಸರ ಅಂತಿದೆ, ಇಸವಿ ಇಲ್ಲ. ಕಮಿಷನರ್ ಸಾಹೇಬರ ಮಾತೂ ಬರುತ್ತದೆ. ಬ್ರಿಟಿಷರ ಚಾಕರಿ ಮಾಡಿದ್ದನ್ನು ವಂಶಾವಳಿಯಲ್ಲಿ ಬರೆಯೋದು ಬೇಡ ಅಂತ ದೊಡ್ಡಪ್ಪನ ಮಕ್ಕಳ ಹಟ. ಏನು ಮಾಡಲಿ?’

ಸಂಪಾದಕರ ಉತ್ತರ:

ಬರೆಯಿರಿ. ಖಂಡಿತ ಬರೆಯಿರಿ. ಆದರೆ ಒಬ್ಬರ ಬಗ್ಗೆ ಅಲ್ಲ, ಬಹುಶಃ ಇಬ್ಬರ ಬಗ್ಗೆ ಬರೆಯಬೇಕಾಗುತ್ತದೆ.

ಮೊದಲು ಇಸವಿ ನೋಡೋಣ. ಶಾರ್ವರಿ 60 ವರ್ಷಕ್ಕೊಮ್ಮೆ ಬರುತ್ತದೆ. ಕೊರೊನಾ ವರ್ಷ, 2020ರ ಯುಗಾದಿಗೆ ಶುರುವಾಗಿದ್ದು ಶಾರ್ವರಿಯೇ ಅಲ್ವಾ? ಹಿಂದಕ್ಕೆ ಎಣಿಸಿ: 1960, 1900, 1840, 1780. ಮೈಸೂರಿನಲ್ಲಿ ಕಮಿಷನರ್ ಆಡಳಿತ ಇದ್ದದ್ದು 1831ರಿಂದ 1881ರವರೆಗೆ ಮಾತ್ರ. ಹಾಗಾಗಿ ನಿಮ್ಮ ಕಾಗದ 1840-41ರದ್ದು. ಆಗಿನ ಕಮಿಷನರ್ ಮಾರ್ಕ್ ಕಬ್ಬನ್.

ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4ರಂದು. ಅಲ್ಲಿ 20 ವರ್ಷದ ಹುಡುಗನಾಗಿ ಕಾದಾಡಿದವರಿಗೆ 1840ರಲ್ಲಿ 60 ದಾಟಿರುತ್ತದೆ. ಆ ವಯಸ್ಸಿನಲ್ಲಿ ಕಾವಲಿಗೆ ನಿಂತಿದ್ದರು ಅನ್ನೋದು ನಂಬೋಕೆ ಕಷ್ಟ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ರೂಢಿ. ಒಂದೇ ಹೆಸರಿನ ಇಬ್ಬರು ಹೇಳುತ್ತಾ ಹೇಳುತ್ತಾ ಒಬ್ಬರೇ ಆಗಿಬಿಟ್ಟಿರಬೇಕು.

ಇನ್ನು ಕಂದಾಚಾರ. ಇದು ಇವತ್ತು ನಾವು ಬೈಯುವ ಕಂದಾಚಾರ ಅಲ್ಲ, ಹಳೇ ಮೈಸೂರಿನ ಊರು ದಂಡಿನ ಇಲಾಖೆ. ಟಿಪ್ಪು ಸತ್ತ ಮೇಲೆ ಸಾವಿರಾರು ಸಿಪಾಯಿಗಳಿಗೆ ಕೆಲಸ ಹೋಯಿತು. ಅಂಥವರನ್ನು ಸೇರಿಸಿಕೊಂಡೇ ಧೋಂಡಿಯಾ ವಾಘ್ ಅನ್ನೋ ಬಂಡಾಯಗಾರ ದಂಡು ಕಟ್ಟಿದ. 1800ರ ಸೆಪ್ಟೆಂಬರ್‌ನಲ್ಲಿ ಅವನನ್ನು ಕೊಲ್ಲುವವರೆಗೂ ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಗೆ ನಿದ್ದೆ ಇರಲಿಲ್ಲ. ದಿವಾನ್ ಪೂರ್ಣಯ್ಯನವರು ಇದನ್ನು ಕಣ್ಣಾರೆ ಕಂಡವರು. ಆಯುಧ ಹಿಡಿದು ಗೊತ್ತಿದ್ದವರಿಗೆ ಅವರವರ ಸೀಮೆಯಲ್ಲೇ ಕೆಲಸ ಕೊಟ್ಟರು. ಕಂದಾಚಾರದಲ್ಲಿ ಸುಮಾರು 20,000 ಜನ ಇದ್ದರು. ಕೋಟೆ ಕಾಯುವುದು, ಕಳ್ಳರನ್ನು ಹಿಡಿಯುವುದು, ಕಂದಾಯದ ಹಣದ ಜೊತೆ ಕಾವಲಾಗಿ ಹೋಗುವುದು, ಇವೇ ಅವರ ಕೆಲಸ. ಸಂಬಳ ಕಡಿಮೆ. ಬೇಸಾಯ ಮಾಡಿಕೊಂಡೇ ಚಾಕರಿ ಮಾಡಬೇಕಿತ್ತು.

ನಿಮ್ಮ ಕಾಗದದಲ್ಲಿ ‘ಸಿಲ್ಲೇದಾರ್’ ಅಂತ ಇದ್ದಿದ್ದರೆ ಕಥೆಯೇ ಬೇರೆ. ಅವರು ಸ್ವಂತ ಕುದುರೆ ತಂದು ದುಡಿದವರು. 1817ರಲ್ಲಿ ಮಧ್ಯ ಭಾರತದ ಮಹೀದ್‌ಪುರದ ಯುದ್ಧದವರೆಗೂ ಹೋಗಿ ಬಂದವರು ಅವರಲ್ಲಿದ್ದಾರೆ. ಕಂದಾಚಾರದವರು ಜಾಸ್ತಿ ತಾಲ್ಲೂಕು ಬಿಟ್ಟು ಹೋದವರಲ್ಲ.

ದೊಡ್ಡಪ್ಪನ ಮಕ್ಕಳಿಗೆ ಇಷ್ಟು ಹೇಳಿ. 1831ರಲ್ಲಿ ಬ್ರಿಟಿಷರು ಮಹಾರಾಜರ ಕೈಯಿಂದ ಆಡಳಿತ ಕಿತ್ತುಕೊಂಡರು. ಆದರೆ ಕಂದಾಚಾರವನ್ನು ಕಿತ್ತುಹಾಕಲಿಲ್ಲ, ಹಾಗೇ ಮುಂದುವರಿಸಿದರು. ತಾಲ್ಲೂಕಿನಲ್ಲಿ ಅದೇ ಕಿಲ್ಲೇದಾರ, ಹೋಬಳಿಯಲ್ಲಿ ಅದೇ ಹೋಬಳಿದಾರ, ಕೆಳಗೆ ಅದೇ ದಫೇದಾರ, ಅದೇ ಆಳು. ಹುಕುಂ ಕೊಡುವವರು ಬದಲಾದರು, ಕಾಯುವ ಊರು ಬದಲಾಗಲಿಲ್ಲ. ಅಂಥ ಮನುಷ್ಯನನ್ನು ದ್ರೋಹಿ ಅಂತ ವಂಶಾವಳಿಯಿಂದ ಹೊಡೆದುಹಾಕೋದು ಅನ್ಯಾಯ ಅಂತ ನನಗೆ ಅನ್ನಿಸುತ್ತದೆ. ಅವರು ಬಡ ರೈತರು. ಆ ಸಂಬಳ ಬಿಟ್ಟರೆ ಕೈಗೆ ಕಾಸು ಬರುವ ದಾರಿ ಎಷ್ಟಿತ್ತು? ಗಂಡ ಕಚೇರಿ ಕಾವಲಿಗೆ ಹೋದಾಗ ಹೊಲ ನೋಡಿಕೊಂಡ ಹೆಂಡತಿಯ ಹೆಸರೂ ನಿಮ್ಮ ವಂಶಾವಳಿಯಲ್ಲಿ ಇರಲಿ. ಪತ್ರದಲ್ಲಿ ಒಬ್ಬ ಹೆಂಗಸಿನ ಹೆಸರೂ ಕಾಣಲಿಲ್ಲ, ನನಗೆ ಬೇಜಾರಾಯಿತು.

ಹುಡುಕುವುದಾದರೆ ಯುದ್ಧ ಬಿಡಿ, ಜಮೀನು ಹಿಡಿಯಿರಿ. ಮನೆಗೆ ಇನಾಂ ಭೂಮಿ ಇತ್ತಾ ಅಂತ ಹಿರಿಯರನ್ನು ಕೇಳಿ. ಇದ್ದಿದ್ದರೆ 1860ರ ದಶಕದಲ್ಲಿ ಬಂದ ಇನಾಂ ಕಮಿಷನ್ ಮುಂದೆ ನಿಮ್ಮವರು ಹಕ್ಕು ರುಜುವಾತು ಮಾಡಬೇಕಾಗಿತ್ತು. ಅಂಥ ಕಡೆ ತಂದೆ, ತಾತನ ಹೆಸರೂ ಸಿಗಬಹುದು. ಮೊದಲು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ವಿಚಾರಿಸಿ, ಆಮೇಲೆ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗಿ. ಮೋಡಿ ಅಕ್ಷರದ (ಮರಾಠಿಯ ಹಳೇ ಕೂಡುಬರಹ) ಕಾಗದ ಎದುರಾದರೆ ಅದನ್ನು ಓದಬಲ್ಲವರ ಸಹಾಯ ಬೇಕಾಗುತ್ತದೆ.

ಆ ಕಾಗದವನ್ನು ಮಾತ್ರ ಲ್ಯಾಮಿನೇಟ್ ಮಾಡಿಸಬೇಡಿ. ಹಿಂದೆ ಮುಂದೆ ಎರಡೂ ಕಡೆ ಫೋಟೋ ತೆಗೆದು ನಮಗೆ ಕಳಿಸಿ. ಹಿಂಬದಿಯಲ್ಲಿ ಮೊಹರು ಇದ್ದರೆ ಯಾವ ತಾಲ್ಲೂಕಿನದು ಅಂತ ಓದೋಕೆ ಪ್ರಯತ್ನ ಮಾಡೋಣ.